ಹ್ಯಾಂಡ್‌ಹೆಲ್ಡ್ ಜಿಪಿಎಸ್ ಕೊಳ್ಳುವ ಮುನ್ನ: ಆಂಟೆನಾದಿಂದ ಸೆಟ್ಟಿಂಗ್‌ವರೆಗೆ ಸಮಗ್ರ ಮಾರ್ಗದರ್ಶಿ

ಚಾರಣ, ಜಿಯೋಕ್ಯಾಶಿಂಗ್ (ಬೇರೆಯವರು ಬಚ್ಚಿಟ್ಟ ಪೆಟ್ಟಿಗೆಯನ್ನು ಜಿಪಿಎಸ್ ಅಂಕಿ ಹಿಡಿದು ಹುಡುಕುವ ಆಟ), ಕಯಾಕಿಂಗ್, ಪಕ್ಷಿ ವೀಕ್ಷಣೆ, ಸೈಕಲ್ ಪ್ರವಾಸ, ಯಾವುದಕ್ಕೇ ಆಗಲಿ ಹ್ಯಾಂಡ್‌ಹೆಲ್ಡ್, ಅಂದರೆ ಕೈಯಲ್ಲಿ ಹಿಡಿಯುವ, ಜಿಪಿಎಸ್ ಕೊಳ್ಳಲು ಹೊರಟರೆ ಮೊದಲು ಎದುರಾಗುವುದು ಮಾದರಿಗಳ ಉದ್ದನೆಯ ಹೋಲಿಕೆ ಪಟ್ಟಿ. ಆ ಪಟ್ಟಿಯಲ್ಲಿ ಎಲ್ಲ ಸಾಲಿಗೂ ಒಂದೇ ತೂಕ. ಟಾರ್ಚ್ ಇದೆಯೇ ಎಂಬುದೂ ಒಂದು ಸಾಲು, ಆಂಟೆನಾ ಯಾವುದು ಎಂಬುದೂ ಒಂದು ಸಾಲು. ಅದನ್ನು ನೋಡಿ ಆರಿಸಿದರೆ ಹೆಚ್ಚು ಟಿಕ್ ಗುರುತು ಇರುವ ಮಾದರಿ ಗೆಲ್ಲುತ್ತದೆ, ನಿಮಗೆ ಒಗ್ಗುವ ಮಾದರಿ ಅಲ್ಲ.

ಪಟ್ಟಿಯನ್ನು ಮೊದಲು ಎರಡು ಭಾಗ ಮಾಡಿಕೊಳ್ಳಿ. ನಕ್ಷೆ, ಮೆನು, ಟ್ರ್ಯಾಕ್ (ನಡೆದ ದಾರಿಯ ದಾಖಲೆ) ಉಳಿಸುವ ರೀತಿ, ಆ್ಯಪ್ ಜೋಡಣೆ ಇವೆಲ್ಲ ಕೊಂಡ ಮೇಲೂ ಬದಲಾಯಿಸಬಹುದಾದವು. ಆಂಟೆನಾ, ರಿಸೀವರ್ ಚಿಪ್, ಬ್ಯಾಟರಿಯ ಬಗೆ, ಪರದೆ, ಬಟನ್, ಸೆನ್ಸರ್ ಇವು ಕೊಂಡ ದಿನ ಹೇಗಿದ್ದವೋ ಕೊನೆಯವರೆಗೂ ಹಾಗೇ. ಬದಲಾಯಿಸಲು ಆಗದ್ದನ್ನು ನೋಡಿ ಆರಿಸಿ, ಉಳಿದದ್ದನ್ನು ಆಮೇಲೆ ಹೊಂದಿಸಿಕೊಳ್ಳಿ. ಈ ಮಾರ್ಗದರ್ಶಿಯೂ ಅದೇ ಕ್ರಮದಲ್ಲಿದೆ.

ಮೊದಲ ಪ್ರಶ್ನೆ: ಫೋನ್ ಸಾಲದೇ?

ಬಹಳ ಮಂದಿಗೆ ಸಾಲುತ್ತದೆ. ಫೋನ್‌ನ ಜಿಪಿಎಸ್ ನಿಖರವಲ್ಲ ಎಂಬ ಮಾತು ಹಳೆಯದಾಯಿತು. ಎರಡು ತರಂಗಾಂತರ ಹಿಡಿಯುವ ಚಿಪ್ 2018ರಲ್ಲೇ ಶವೋಮಿ ಮಿ 8 ಫೋನಿನಲ್ಲಿ ಬಂತು. ಅದೇ ಹೊತ್ತಿನ ಹೆಚ್ಚಿನ ಹ್ಯಾಂಡ್‌ಹೆಲ್ಡ್‌ಗಳಲ್ಲಿ ಅದು ಇನ್ನೂ ಇರಲಿಲ್ಲ. ತೆರೆದ ಬಯಲಿನಲ್ಲಿ, ಒಂದು ದಿನದ ನಡಿಗೆಗೆ, ಆಫ್‌ಲೈನ್ ನಕ್ಷೆ ಇಳಿಸಿಕೊಂಡ ಫೋನ್ ಮತ್ತು ಒಂದು ಪವರ್ ಬ್ಯಾಂಕ್ ಇದ್ದರೆ ಕೆಲಸ ಆಗುತ್ತದೆ.

ಫೋನ್ ಸೋಲುವುದು ಬೇರೆ ಕಡೆ. ಮಳೆಹನಿ ಬಿದ್ದ ಪರದೆ ಬೆರಳಿಗೆ ಸ್ಪಂದಿಸುವುದಿಲ್ಲ, ಅಥವಾ ಹನಿಯನ್ನೇ ಬೆರಳೆಂದು ತಿಳಿದು ತಾನಾಗಿ ಏನೋ ಒತ್ತಿಕೊಳ್ಳುತ್ತದೆ. ಕಡು ಚಳಿಯಲ್ಲಿ ಇನ್ನೂ ಚಾರ್ಜ್ ಇದೆ ಎಂದು ತೋರಿಸುತ್ತಿದ್ದ ಫೋನ್ ದಿಢೀರನೆ ಆಫ್ ಆಗುತ್ತದೆ. ಬಂಡೆಯ ಮೇಲೆ ಬಿದ್ದರೆ ಗಾಜು ಒಡೆಯುತ್ತದೆ, ಜತೆಗೆ ಕರೆ ಮಾಡುವ ದಾರಿಯೂ ಹೋಗುತ್ತದೆ. ಇವುಗಳಲ್ಲಿ ಒಂದಾದರೂ ನಿಮ್ಮ ಹವ್ಯಾಸದಲ್ಲಿ ಪದೇಪದೇ ಎದುರಾಗುವಂಥದ್ದಾದರೆ ಪ್ರತ್ಯೇಕ ಉಪಕರಣ ಕೊಳ್ಳಿ. ಬರೀ ನಿಖರತೆಗಾಗಿ ಕೊಳ್ಳಬೇಡಿ.

ಹಂತ 1: ನಾಲ್ಕು ಸಾಲು ಬರೆದಿಟ್ಟುಕೊಳ್ಳಿ

ಕೊಳ್ಳುವ ಮೊದಲು ಕಾಗದದ ಮೇಲೆ ಇಷ್ಟು ಬರೆಯಿರಿ: ಚಾರ್ಜಿಂಗ್ ಸಿಗದೆ ಒಟ್ಟು ಎಷ್ಟು ಗಂಟೆ ಉಪಕರಣ ಚಾಲೂ ಇರಬೇಕು, ತಲೆಯ ಮೇಲೆ ಎಷ್ಟು ಆಕಾಶ ಕಾಣುತ್ತದೆ (ಬಯಲು, ದಟ್ಟ ಮರ, ಕಡಿದಾದ ಕಣಿವೆ), ಕೈ ಹೇಗಿರುತ್ತದೆ (ಬರಿಗೈ, ಗ್ಲೌಸ್, ಒದ್ದೆ ಕೈ, ಹ್ಯಾಂಡಲ್ ಹಿಡಿದ ಕೈ), ನೀರಿನ ಸಂಪರ್ಕ ಎಷ್ಟು (ಮಳೆ, ಮುಳುಗುವ ಸಂಭವ, ಉಪ್ಪುನೀರು). ಮುಂದಿನ ಪ್ರತಿ ಹಂತದಲ್ಲೂ ಈ ಕಾಗದ ಬೇಕಾಗುತ್ತದೆ.

ಹಂತ 2: ಆಂಟೆನಾ ಮತ್ತು ರಿಸೀವರ್

ಹ್ಯಾಂಡ್‌ಹೆಲ್ಡ್‌ಗಳಲ್ಲಿ ಎರಡು ಬಗೆಯ ಆಂಟೆನಾ ಇರುತ್ತವೆ. ಒಂದು ಪ್ಯಾಚ್, ಅಂದರೆ ಕವಚದ ಒಳಗೆ ಅಡಕವಾಗಿರುವ ಚಪ್ಪಟೆ ಸಿರಾಮಿಕ್ ತುಂಡು. ಇನ್ನೊಂದು ಹೀಲಿಕ್ಸ್, ಅಂದರೆ ಮೇಲ್ತುದಿಯಲ್ಲಿ ಗಿಡ್ಡ ಕಡ್ಡಿಯಂತೆ ಚಾಚಿಕೊಂಡಿರುವ, ಸುರುಳಿ ಸುತ್ತಿದ ಆಂಟೆನಾ. ಗಾರ್ಮಿನ್ ಕಂಪನಿಯ ಇಟ್ರೆಕ್ಸ್ ಸಾಲಿನ ಸಣ್ಣ ಉಪಕರಣಗಳಲ್ಲಿ ಪ್ಯಾಚ್ ಇದ್ದರೆ, ಜಿಪಿಎಸ್‌ಮ್ಯಾಪ್ 64, 66, 67ರಂಥವುಗಳಲ್ಲಿ ಹೀಲಿಕ್ಸ್ ಇದೆ. ಪ್ಯಾಚ್ ಚೆನ್ನಾಗಿ ಹಿಡಿಯುವುದು ಪರದೆ ಆಕಾಶ ನೋಡುವಂತೆ ಮಲಗಿಸಿ ಹಿಡಿದಾಗ. ಹೀಲಿಕ್ಸ್ ಚೆನ್ನಾಗಿ ಹಿಡಿಯುವುದು ಉಪಕರಣ ನೆಟ್ಟಗೆ ನಿಂತಾಗ. ಬ್ಯಾಗಿನ ಭುಜಪಟ್ಟಿಗೆ ಸಿಕ್ಕಿಸಿಕೊಂಡು ನಡೆಯುವವರಿಗೆ ಉಪಕರಣ ನೆಟ್ಟಗೇ ಇರುತ್ತದೆ, ಹಾಗಾಗಿ ಹೀಲಿಕ್ಸ್ ಅನುಕೂಲ. ಅಂಗೈಯಲ್ಲಿ ಮಲಗಿಸಿ ನೋಡುತ್ತ ಹೋಗುವವರಿಗೆ, ಹ್ಯಾಂಡಲ್ ಮೇಲೆ ಕೂರಿಸುವವರಿಗೆ ಪ್ಯಾಚ್‌ನಿಂದ ತೊಂದರೆ ಇಲ್ಲ.

ಸೊಂಟದ ಪೌಚ್‌ನಲ್ಲಿ ಇಟ್ಟುಕೊಂಡರೆ ಎರಡೂ ಕೆಡುತ್ತವೆ. ಮನುಷ್ಯನ ದೇಹದಲ್ಲಿರುವ ನೀರು ಈ ಸಿಗ್ನಲ್ ಅನ್ನು ಹೀರುತ್ತದೆ, ಆದ್ದರಿಂದ ಅರ್ಧ ಆಕಾಶ ನಿಮ್ಮ ದೇಹಕ್ಕೇ ಮರೆಯಾಗುತ್ತದೆ. ಮಳೆ ನಿಂತ ಮೇಲೆ ಒದ್ದೆ ಎಲೆಗಳ ಅಡಿಯಲ್ಲಿ ಟ್ರ್ಯಾಕ್ ಸೊಟ್ಟಗಾಗುವುದಕ್ಕೂ ನೀರೇ ಕಾರಣ.

ರಿಸೀವರ್ ವಿಷಯದಲ್ಲಿ ಎರಡು ಬೇರೆ ಸಂಗತಿಗಳನ್ನು ಒಂದೇ ಎಂದು ತಿಳಿಯುವವರು ಬಹಳ. ಮಲ್ಟಿ ಜಿಎನ್‌ಎಸ್‌ಎಸ್ ಎಂದರೆ ಅಮೆರಿಕದ ಜಿಪಿಎಸ್ ಜತೆಗೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈದೂ ಮುಂತಾದ ವ್ಯವಸ್ಥೆಗಳ ಉಪಗ್ರಹಗಳನ್ನೂ ಬಳಸುವುದು. ಸ್ಥಾನ ಮತ್ತು ಎತ್ತರ ಎರಡೂ ತಿಳಿಯಲು ಕನಿಷ್ಠ 4 ಉಪಗ್ರಹ ಬೇಕು. ಇಕ್ಕಟ್ಟಾದ ಕಣಿವೆಯಲ್ಲಿ ಕಾಣುವ ಆಕಾಶದ ಪಟ್ಟಿಯಲ್ಲಿ ಜಿಪಿಎಸ್‌ನವೇ 4 ಸಿಗದಿರಬಹುದು. ಇತರ ವ್ಯವಸ್ಥೆಗಳವೂ ಸೇರಿದರೆ ಸಿಗುತ್ತವೆ. ಉಪಗ್ರಹಗಳ ಸಂಖ್ಯೆ ಹೆಚ್ಚುವುದಷ್ಟೇ ಇದರ ಲಾಭ.

ಮಲ್ಟಿ ಬ್ಯಾಂಡ್ ಎಂದರೆ ಒಂದೇ ಉಪಗ್ರಹದಿಂದ ಎರಡು ತರಂಗಾಂತರ ಹಿಡಿಯುವುದು: ಎಲ್1 (1575.42 ಮೆಗಾಹರ್ಟ್ಸ್) ಮತ್ತು ಎಲ್5 (1176.45 ಮೆಗಾಹರ್ಟ್ಸ್). ಬಂಡೆ ಗೋಡೆಗೆ ಬಡಿದು ತಿರುಗಿ ಬಂದ ಸಿಗ್ನಲ್ ನೇರ ಸಿಗ್ನಲ್‌ಗಿಂತ ಸ್ವಲ್ಪ ತಡವಾಗಿ ತಲುಪುತ್ತದೆ. ರಿಸೀವರ್‌ಗೆ ಎರಡನ್ನೂ ಬಿಡಿಸಿ ನೋಡಲು ಆಗದಿದ್ದರೆ ಉಪಗ್ರಹ ಇನ್ನಷ್ಟು ದೂರವಿದೆ ಎಂದು ಲೆಕ್ಕ ಹಾಕುತ್ತದೆ, ನೀವು ದಾರಿಯಲ್ಲೇ ನಿಂತಿದ್ದರೂ ಹಳ್ಳದ ಆಚೆ ದಡದಲ್ಲಿ ಚುಕ್ಕಿ ಇಡುತ್ತದೆ. ಎಲ್1ರ ಹಳೆಯ ನಾಗರಿಕ ಕೋಡ್‌ನ (ದೂರ ಅಳೆಯಲು ಉಪಗ್ರಹ ಕಳಿಸುವ ಅಂಕಿಗಳ ಸಾಲಿನ) ಒಂದೊಂದು ತುಣುಕು ಸುಮಾರು 293 ಮೀಟರ್ ಉದ್ದವಾದರೆ ಎಲ್5ರದ್ದು ಸುಮಾರು 29 ಮೀಟರ್. ತುಣುಕು ಚಿಕ್ಕದಾದಷ್ಟೂ ತಡವಾಗಿ ಬಂದ ಪ್ರತಿಫಲನವನ್ನು ಬೇರ್ಪಡಿಸುವುದು ಸುಲಭ. ಅಯಾನುಗೋಳದಲ್ಲಿ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರ) ಆಗುವ ವಿಳಂಬ ತರಂಗಾಂತರಕ್ಕೆ ತಕ್ಕಂತೆ ಬದಲಾಗುವುದರಿಂದ, ಎರಡನ್ನೂ ಹೋಲಿಸಿ ಅದನ್ನೂ ತಿದ್ದಬಹುದು.

ಹಾಗಾದರೆ ಬೇಕೇ? ನಿಮ್ಮ ಕಾಗದದಲ್ಲಿ ‘ದಟ್ಟ ಮರ’ ಅಥವಾ ‘ಕಡಿದಾದ ಕಣಿವೆ’ ಎಂದಿದ್ದರೆ ಮಲ್ಟಿ ಬ್ಯಾಂಡ್‌ಗೆ ಕೊಡುವ ಹಣ ಸಾರ್ಥಕ. ಬಯಲು, ಹುಲ್ಲುಗಾವಲು, ತೆರೆದ ನೀರು ಎಂದಿದ್ದರೆ ಒಂದೇ ಬ್ಯಾಂಡಿನ ಉಪಕರಣವೂ 3ರಿಂದ 5 ಮೀಟರ್ ಒಳಗೆ ಇರುತ್ತದೆ, ಉಳಿದ ಹಣವನ್ನು ಬ್ಯಾಟರಿಗೆ ಹಾಕಿ.

ಪರದೆಯಲ್ಲಿ ಕಾಣುವ ‘± 3 ಮೀ.’ ಎಂಬ ಅಂಕಿ ಉಪಕರಣದ ಅಂದಾಜು ಮಾತ್ರ. ಉಪಗ್ರಹಗಳು ಆಕಾಶದಲ್ಲಿ ಹೇಗೆ ಹರಡಿವೆ, ಸಿಗ್ನಲ್ ಎಷ್ಟು ಗಟ್ಟಿ ಇದೆ ಎಂಬುದರಿಂದ ಅದು ಬರುತ್ತದೆ. ಪ್ರತಿಫಲನದಿಂದ ಆದ ತಪ್ಪು ಆ ಅಂಕಿಯಲ್ಲಿ ಸರಿಯಾಗಿ ಕಾಣುವುದಿಲ್ಲ. ಬಂಡೆಯ ಬುಡದಲ್ಲಿ ± 4 ಎಂದು ತೋರಿಸುತ್ತಲೇ 20 ಮೀಟರ್ ತಪ್ಪಿರಬಹುದು.

ಹಂತ 3: ಬ್ಯಾಟರಿ

ಇಲ್ಲೂ ಎರಡು ದಾರಿ: ಬದಲಾಯಿಸುವ ಎಎ ಸೆಲ್, ಅಥವಾ ಒಳಗೇ ಕೂತ ಲಿಥಿಯಂ ಅಯಾನ್.

ಎಎ ಇರುವ ಉಪಕರಣದ ಬಲ ಎಂದರೆ ಖಾಲಿಯಾದ ಅರ್ಧ ನಿಮಿಷದಲ್ಲಿ ಮತ್ತೆ ತುಂಬಿದ ಬ್ಯಾಟರಿ. ಯಾವ ಸೆಲ್ ಹಾಕಬೇಕು ಎಂಬುದು ಮುಖ್ಯ. ನಿತ್ಯ ಬಳಕೆಗೆ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜಬಲ್, ಅದರಲ್ಲೂ ಸುಮ್ಮನೆ ಇಟ್ಟರೂ ಚಾರ್ಜ್ ಸೋರದ, 2000 ಎಂಎಎಚ್ ಆಸುಪಾಸಿನ ಬಗೆ. ಹಿಮ, ಕಡು ಚಳಿಗೆ ರೀಚಾರ್ಜ್ ಮಾಡಲಾಗದ 1.5 ವೋಲ್ಟ್‌ನ ಲಿಥಿಯಂ ಎಎ. ಇದು ಮೈನಸ್ 40 ಡಿಗ್ರಿವರೆಗೂ ಕೆಲಸ ಮಾಡುತ್ತದೆ, ತೂಕವೂ ಕಡಿಮೆ. ಅಲ್ಕಲೈನ್ ಸೆಲ್ ತುರ್ತಿಗೆ ಮಾತ್ರ. ಚಳಿಯಲ್ಲಿ ಬೇಗ ಸೋಲುತ್ತದೆ, ಮರೆತು ಒಳಗೇ ಬಿಟ್ಟರೆ ಸೋರಿ ಸಂಪರ್ಕದ ತಗಡನ್ನು ತಿನ್ನುತ್ತದೆ. 14500 ಎಂಬ ಲಿಥಿಯಂ ಅಯಾನ್ ಸೆಲ್ ನೋಡಲು ಎಎಯಷ್ಟೇ ಇರುತ್ತದೆ. ಅದರ ವೋಲ್ಟೇಜ್ ಸುಮಾರು 3.7, ಎರಡು ಹಾಕಿದರೆ ಉಪಕರಣ ಸುಡಬಹುದು.

ಸೆಲ್ ಹಾಕಿದ ಮೇಲೆ ಸೆಟ್ಟಿಂಗ್‌ನಲ್ಲಿ ಬ್ಯಾಟರಿಯ ಬಗೆಯನ್ನೂ ಆರಿಸಬೇಕು. ಅಲ್ಕಲೈನ್ ಸೆಲ್ 1.5 ವೋಲ್ಟ್‌ನಿಂದ ಶುರುವಾಗಿ ನಿಧಾನಕ್ಕೆ ಇಳಿಯುತ್ತದೆ. ನಿಕಲ್ ಸೆಲ್ ಬಹುಪಾಲು ಹೊತ್ತು 1.2ರಲ್ಲೇ ನಿಂತು ಕೊನೆಗೆ ಥಟ್ಟನೆ ಬೀಳುತ್ತದೆ. ಸೆಟ್ಟಿಂಗ್ ಅಲ್ಕಲೈನ್‌ನಲ್ಲೇ ಇದ್ದು ನಿಕಲ್ ಸೆಲ್ ಹಾಕಿದರೆ, ಈಗಷ್ಟೇ ತುಂಬಿಸಿದ ಸೆಲ್ಲನ್ನೂ ಅರ್ಧ ಖಾಲಿ ಎಂದು ತೋರಿಸುತ್ತದೆ. ಸೆಟ್ಟಿಂಗ್ ನಿಕಲ್‌ನಲ್ಲಿದ್ದು ಅಲ್ಕಲೈನ್ ಹಾಕಿದರೆ ‘ಫುಲ್’ ಎನ್ನುತ್ತಲೇ ಇದ್ದು ಎಚ್ಚರಿಕೆ ಇಲ್ಲದೆ ಆಫ್ ಆಗುತ್ತದೆ. ಹಳೆಯ ಸೆಲ್ ಒಂದು, ಹೊಸದು ಒಂದು ಎಂದು ಬೆರೆಸಬೇಡಿ. ಮೊದಲು ಖಾಲಿಯಾದದ್ದರ ಧ್ರುವ ತಿರುಗಿ ಅದು ಶಾಶ್ವತವಾಗಿ ಹಾಳಾಗುತ್ತದೆ. ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ಅಳೆದು ತುಂಬುವ ಚಾರ್ಜರ್ ಕೊಳ್ಳಿ, ಜೋಡಿಗಳಿಗೆ ಮಾರ್ಕರ್‌ನಲ್ಲಿ ಗುರುತು ಹಾಕಿ.

ಒಳಗೇ ಕೂತ ಬ್ಯಾಟರಿಯ ಉಪಕರಣಗಳು ಈಗ ಬಹಳ ಮುಂದೆ ಬಂದಿವೆ. ಜಿಪಿಎಸ್‌ಮ್ಯಾಪ್ 67ಕ್ಕೆ ತಯಾರಕರು ಹೇಳುವ ಬಾಳಿಕೆ 180 ಗಂಟೆ. ಆದರೆ ಮಂಜುಗಟ್ಟುವ ಚಳಿಯಲ್ಲಿ ಲಿಥಿಯಂ ಅಯಾನ್ ಚಾರ್ಜ್ ಮಾಡಿದರೆ ಬ್ಯಾಟರಿಗೆ ಪೆಟ್ಟು, ಆದ್ದರಿಂದ ಡೇರೆಯೊಳಗೆ ಬೆಚ್ಚಗೆ ಇಟ್ಟು ಆಮೇಲೆ ತುಂಬಿಸಬೇಕು. ಕೆಲವು ಪವರ್ ಬ್ಯಾಂಕ್‌ಗಳು ಇಷ್ಟು ಕಡಿಮೆ ಕರೆಂಟ್ ಎಳೆಯುವ ಉಪಕರಣವನ್ನು ‘ಏನೂ ಜೋಡಿಸಿಲ್ಲ’ ಎಂದು ತಿಳಿದು ನಡುವೆಯೇ ಆಫ್ ಆಗುತ್ತವೆ. ಹೊರಡುವ ಮೊದಲು ಮನೆಯಲ್ಲೇ ಒಂದು ಸಲ ಪೂರ್ತಿ ತುಂಬುತ್ತದೆಯೇ ನೋಡಿ.

ತಯಾರಕರು ಹೇಳುವ ಗಂಟೆಗಳನ್ನು ಹಾಗೇ ನಂಬಬೇಡಿ. ಬ್ಯಾಕ್‌ಲೈಟ್, ಮಲ್ಟಿ ಬ್ಯಾಂಡ್, ದಿಕ್ಸೂಚಿ, ಬ್ಲೂಟೂತ್ ಎಲ್ಲ ಚಾಲೂ ಆದಾಗ ಮೂರನೇ ಎರಡು ಭಾಗ ಸಿಕ್ಕೀತು ಎಂದಿಟ್ಟುಕೊಳ್ಳಿ. ಉದಾಹರಣೆಗೆ 25 ಗಂಟೆ ಎಂದು ಬರೆದಿರುವ, 2 ಎಎ ಸೆಲ್‌ನ ಉಪಕರಣ. ನಿಜಕ್ಕೆ 16 ಗಂಟೆ. ಐದು ದಿನ, ದಿನಕ್ಕೆ 9 ಗಂಟೆ ಅಂದರೆ 45 ಗಂಟೆ. ಮೂರು ಜೋಡಿ ಬೇಕು, ಮೇಲೊಂದು ಜೋಡಿ ಭದ್ರತೆಗೆ: ಒಟ್ಟು 8 ಸೆಲ್. ಇದೇ ಲೆಕ್ಕವನ್ನು ನಿಮ್ಮ ಕಾಗದದ ಗಂಟೆಗಳಿಗೆ ಹಾಕಿ ನೋಡಿ.

ಹಂತ 4: ಪರದೆ ಮತ್ತು ಬಟನ್

ಹೊರಾಂಗಣ ಜಿಪಿಎಸ್‌ನ ಪರದೆ ಅಂಗಡಿಯ ದೀಪದ ಕೆಳಗೆ ಮಂಕಾಗಿ ಕಾಣುತ್ತದೆ. ಅದು ದೋಷವಲ್ಲ. ಇವು ಬಿಸಿಲನ್ನೇ ಹಿಂದಕ್ಕೆ ಚಿಮ್ಮಿಸಿ ಬೆಳಗುವ ಟ್ರಾನ್ಸ್‌ಫ್ಲೆಕ್ಟಿವ್ ಪರದೆಗಳು, ಬಿಸಿಲು ಹೆಚ್ಚಿದಷ್ಟೂ ಸ್ಪಷ್ಟ. ಸಾಧ್ಯವಾದರೆ ಹೊರಗೆ ಬಿಸಿಲಿಗೆ ತಂದು, ಬ್ಯಾಕ್‌ಲೈಟ್ ಆಫ್ ಮಾಡಿ, ಮಾಮೂಲಿ ಹಿಡಿಯುವ ಕೋನದಲ್ಲಿ ನೋಡಿ. ಪೋಲರೈಸ್ಡ್ ಕನ್ನಡಕ ಹಾಕುವವರು ಅದನ್ನು ಹಾಕಿಕೊಂಡೇ ನೋಡಬೇಕು. ಕೆಲವು ಪರದೆಗಳು ಒಂದು ಕೋನದಲ್ಲಿ ಪೂರ್ತಿ ಕಪ್ಪಾಗುತ್ತವೆ.

2.2 ಇಂಚಿನ ಪರದೆ ಟ್ರ್ಯಾಕ್ ಹಿಂಬಾಲಿಸಲು ಸಾಕು, ಕಾಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ) ಓದಿ ದಾರಿ ಯೋಚಿಸಲು ಇಕ್ಕಟ್ಟು. 3 ಇಂಚು ಒಳ್ಳೆಯ ಮಧ್ಯಮ ಅಳತೆ. 5 ಇಂಚಿನ ಮೊಂಟಾನಾ 700 ಸಾಲಿನವು ನಕ್ಷೆ ಓದಲು ಸೊಗಸಾಗಿವೆ, ಆದರೆ ಜೇಬಿಗೆ ಹೊರೆ. ಅವು ವಾಹನ ಅಥವಾ ದೋಣಿಯ ಸ್ಟ್ಯಾಂಡ್‌ಗೇ ಸರಿ.

ಟಚ್‌ಸ್ಕ್ರೀನ್‌ನಲ್ಲಿ ಹೆಸರು ಬರೆಯುವುದು, ನಕ್ಷೆ ಸರಿಸುವುದು ಸಲೀಸು. ಬಟನ್ ಮಾದರಿಯಲ್ಲಿ ಒಂದು ವೇ ಪಾಯಿಂಟ್‌ಗೆ (ಗುರುತಿಸಿಟ್ಟ ಸ್ಥಳಕ್ಕೆ) ಹೆಸರು ಕೊಡುವಷ್ಟರಲ್ಲಿ ತಾಳ್ಮೆ ಹೋಗುತ್ತದೆ. ಹಾಗಿದ್ದರೂ ಮಳೆ, ಕೆಸರು, ಗ್ಲೌಸ್ ಇದ್ದಲ್ಲಿ ಬಟನ್ನೇ ಸರಿ. ನೀವು ಬಳಸುವ ಗ್ಲೌಸನ್ನೇ ತೆಗೆದುಕೊಂಡು ಹೋಗಿ, ಅದನ್ನು ಹಾಕಿಕೊಂಡು ಒಂದೇ ಕೈಯಲ್ಲಿ ವೇ ಪಾಯಿಂಟ್ ಗುರುತಿಸಿ, ನಕ್ಷೆ ಹಿಗ್ಗಿಸಿ, ಕುಗ್ಗಿಸಿ ನೋಡಿ.

ನೀರಿನ ವಿಷಯ: ಐಪಿಎಕ್ಸ್7 ಎಂದರೆ 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ. ಸಿಹಿನೀರಿನ ಪರೀಕ್ಷೆ ಅದು. ಉಪ್ಪುನೀರು ತಾಗಿದರೆ ಅದೇ ದಿನ ನಲ್ಲಿಯ ನೀರಿನಲ್ಲಿ ತೊಳೆದು ಒರೆಸಬೇಕು. ನೀರು ಒಳಗೆ ಹೋಗುವುದು ಹೆಚ್ಚಾಗಿ ಯುಎಸ್‌ಬಿ ಮುಚ್ಚಳ ಅಥವಾ ಬ್ಯಾಟರಿ ಬಾಗಿಲಿನ ರಬ್ಬರ್ ಅಂಚಿನಲ್ಲಿ ಮರಳಿನ ಕಣ ಸಿಕ್ಕಿಕೊಂಡಾಗ.

ಹಂತ 5: ದಿಕ್ಸೂಚಿ ಮತ್ತು ಎತ್ತರಮಾಪಕ

ಜಿಪಿಎಸ್‌ಗೆ ನೀವು ಯಾವ ಕಡೆ ಮುಖ ಮಾಡಿದ್ದೀರಿ ಎಂಬುದು ತಿಳಿಯುವುದಿಲ್ಲ. ಯಾವ ಕಡೆ ಚಲಿಸುತ್ತಿದ್ದೀರಿ ಎಂಬುದಷ್ಟೇ ತಿಳಿಯುತ್ತದೆ. ಒಳಗೆ ವಿದ್ಯುನ್ಮಾನ ದಿಕ್ಸೂಚಿ ಇಲ್ಲದ ಮಾದರಿಯಲ್ಲಿ ನೀವು ನಿಂತ ಕೂಡಲೇ ಬಾಣ ಸುಮ್ಮನೆ ಅಲೆದಾಡುತ್ತದೆ. ಜಿಯೋಕ್ಯಾಶಿಂಗ್, ಮಂಜು ಕವಿದ ಬೆಟ್ಟ, ಕಾಡಿನೊಳಗೆ ನಿಂತು ನಿಂತು ದಾರಿ ನೋಡುವ ಕೆಲಸಕ್ಕೆ ಮೂರು ಅಕ್ಷದ ದಿಕ್ಸೂಚಿ ಇರಲೇಬೇಕು. ಎರಡು ಅಕ್ಷದ್ದಾದರೆ ಸಮತಟ್ಟಾಗಿ ಹಿಡಿದಾಗ ಮಾತ್ರ ಸರಿಯಾಗಿ ತೋರಿಸುತ್ತದೆ. ಬ್ಯಾಟರಿ ಬದಲಾಯಿಸಿದ ಮೇಲೆ ಮರುಹೊಂದಾಣಿಕೆ ಮಾಡಿ, ಫೋನ್, ಸ್ಪೀಕರ್, ಅಯಸ್ಕಾಂತದ ಪೌಚ್‌ಗಳಿಂದ ದೂರ ನಿಂತು.

ಬ್ಯಾರೋಮೀಟರ್ ಏರಿಳಿತವನ್ನು ಉಪಗ್ರಹಕ್ಕಿಂತ ನಯವಾಗಿ ಅಳೆಯುತ್ತದೆ. ಅದರ ಕುಂದು ಬೇರೆ: ಅದು ಅಳೆಯುವುದು ಗಾಳಿಯ ಒತ್ತಡವನ್ನು, ಒತ್ತಡ ಹವೆಯೊಂದಿಗೂ ಬದಲಾಗುತ್ತದೆ. ಸಮುದ್ರಮಟ್ಟದ ಬಳಿ 1 ಹೆಕ್ಟೋಪಾಸ್ಕಲ್ ಇಳಿದರೆ ಸುಮಾರು 8 ಮೀಟರ್ ಏರಿದಂತೆ ತೋರುತ್ತದೆ. ರಾತ್ರಿಯಲ್ಲಿ 3 ಹೆಕ್ಟೋಪಾಸ್ಕಲ್ ಇಳಿದರೆ ಮಲಗಿದ್ದ ಡೇರೆಯೇ ಬೆಳಗ್ಗೆ 24, 25 ಮೀಟರ್ ಮೇಲೇರಿರುತ್ತದೆ. ಇದನ್ನೇ ತಿರುಗಿಸಿ ಉಪಯೋಗಿಸಬಹುದು: ನೀವು ಕದಲದೆ ‘ಎತ್ತರ’ ಏರುತ್ತಿದ್ದರೆ ಒತ್ತಡ ಕುಸಿಯುತ್ತಿದೆ, ಹವೆ ಕೆಡಬಹುದು. ಎತ್ತರ ಗೊತ್ತಿರುವ ಪ್ರತಿ ಕಣಿವೆಬಾಯಿ, ಶಿಖರದಲ್ಲಿ ಅಂಕಿಯನ್ನು ಸರಿಪಡಿಸಿಕೊಳ್ಳಿ.

ಫೋನ್ ಮತ್ತು ಹ್ಯಾಂಡ್‌ಹೆಲ್ಡ್ ಎರಡರ ಎತ್ತರ ಹತ್ತಾರು ಮೀಟರ್ ವ್ಯತ್ಯಾಸ ತೋರಿಸಿದರೆ ಗಾಬರಿ ಬೇಡ. ಕೆಲವು ಆ್ಯಪ್‌ಗಳು ಭೂಮಿಯ ಗಣಿತೀಯ ದೀರ್ಘಗೋಳದ ಮೇಲಿನ ಎತ್ತರವನ್ನು ಕೊಡುತ್ತವೆ, ನಕ್ಷೆಗಳು ಸಮುದ್ರಮಟ್ಟದಿಂದ ಅಳೆಯುತ್ತವೆ. ಇವೆರಡರ ನಡುವಿನ ಅಂತರ ಜಗತ್ತಿನಲ್ಲಿ ಸುಮಾರು ಮೈನಸ್ 106ರಿಂದ ಪ್ಲಸ್ 85 ಮೀಟರ್‌ವರೆಗೆ ಇದೆ.

ಹಂತ 6: ನಕ್ಷೆ

ಜತೆಯಲ್ಲೇ ಬರುವ ನಕ್ಷೆ ಎಷ್ಟೋ ಪ್ರದೇಶಗಳಿಗೆ ಹೆದ್ದಾರಿ ಮತ್ತು ಊರಿನ ಹೆಸರಿಗೆ ಮುಗಿಯುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಉಚಿತ ನಕ್ಷೆಗಳಲ್ಲಿ ಕಾಲುದಾರಿ, ತೊರೆ, ಕಾಂಟೂರ್ ಎಲ್ಲ ಸಿಗುತ್ತವೆ. ಹಾಗಾಗಿ ಉಪಕರಣ ಹೊರಗಿನ ನಕ್ಷೆಯನ್ನು ಸ್ವೀಕರಿಸುತ್ತದೆಯೇ, ಮೆಮೊರಿ ಕಾರ್ಡ್‌ಗೆ ಜಾಗ ಇದೆಯೇ ಎಂಬೆರಡನ್ನು ಕೇಳಿ. ನಕ್ಷೆಯೇ ಇಲ್ಲದ ಅಗ್ಗದ ಮಾದರಿ ಟ್ರ್ಯಾಕ್ ದಾಖಲಿಸಲು, ವೇ ಪಾಯಿಂಟ್‌ಗೆ ಹೋಗಲು ಸಾಕು, ದಾರಿ ತಪ್ಪಿದಾಗ ಸಾಲದು.

ಗಾರ್ಮಿನ್‌ನಲ್ಲಿ ಕೆಲಸ ಹೀಗೆ: 32 ಜಿಬಿಗೆ ಮೀರದ ಮೈಕ್ರೋ ಎಸ್‌ಡಿ ಕಾರ್ಡನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಅದರಲ್ಲಿ ‘ಗಾರ್ಮಿನ್’ ಎಂದು ಇಂಗ್ಲಿಷ್‌ನಲ್ಲಿ ಫೋಲ್ಡರ್ ತೆರೆದು, ಇಳಿಸಿಕೊಂಡ ಐಎಂಜಿ ಫೈಲ್ ಅದರೊಳಗೆ ಹಾಕಿ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ಆದ್ದರಿಂದ ದೊಡ್ಡ ಪ್ರದೇಶವನ್ನು ಹೋಳು ಮಾಡಿ. ಆಮೇಲೆ ಉಪಕರಣದ ನಕ್ಷೆ ಸೆಟ್ಟಿಂಗ್‌ನಲ್ಲಿ ಹೊಸದನ್ನು ಆನ್ ಮಾಡಿ, ಹಳೆಯದನ್ನು ಆಫ್ ಮಾಡಿ. ನಕ್ಷೆ ಹಾಕಿದರೂ ಕಾಣುತ್ತಿಲ್ಲ ಎಂಬ ದೂರಿಗೆ ಸಾಮಾನ್ಯ ಕಾರಣ, ಎರಡೂ ಆನ್ ಆಗಿದ್ದು ಒಂದು ಇನ್ನೊಂದನ್ನು ಮುಚ್ಚಿರುವುದು.

ಉಪಗ್ರಹ ಸಂದೇಶ ಬೇಕೇ?

ಇನ್‌ರೀಚ್‌ನಂಥ ಉಪಕರಣಗಳು ಇರಿಡಿಯಂ ಉಪಗ್ರಹ ಜಾಲದ ಮೂಲಕ ಮೊಬೈಲ್ ಸಿಗ್ನಲ್ ಇಲ್ಲದಲ್ಲೂ ಸಂದೇಶ, ತುರ್ತು ಕರೆ ಕಳಿಸುತ್ತವೆ. ಒಂಟಿಯಾಗಿ ದೂರ ಹೋಗುವವರಿಗೆ ಜೀವ ಉಳಿಸಬಲ್ಲ ಸೌಲಭ್ಯ. ಎರಡು ವಿಷಯ ಮೊದಲೇ ತಿಳಿದಿರಲಿ: ಚಂದಾ ಕಟ್ಟದೆ ಅದು ಕೆಲಸ ಮಾಡುವುದಿಲ್ಲ, ಭಾರತವೂ ಸೇರಿ ಕೆಲವು ದೇಶಗಳಲ್ಲಿ ಅನುಮತಿ ಇಲ್ಲದೆ ಇದನ್ನು ಇಟ್ಟುಕೊಳ್ಳುವುದು ಕಾನೂನಿನ ತೊಂದರೆ ತರುತ್ತದೆ, ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಹೋಗುವ ದೇಶದ ನಿಯಮ ನೋಡಿಯೇ ಬ್ಯಾಗಿಗೆ ಹಾಕಿ.

ಹಂತ 7: ಹವ್ಯಾಸಕ್ಕೆ ತಕ್ಕ ಆಯ್ಕೆ

ಗುರುತು ಮಾಡಿದ ದಾರಿಯಲ್ಲಿ ಒಂದೆರಡು ದಿನದ ಚಾರಣ: ಸುಮಾರು 140 ಗ್ರಾಂ ತೂಗುವ, 2 ಎಎ ಸೆಲ್‌ನ ಇಟ್ರೆಕ್ಸ್ 22ಎಕ್ಸ್ ಥರದ್ದು ಸಾಕು. ಅದರ ಅಣ್ಣನಾದ 32ಎಕ್ಸ್‌ನಲ್ಲಿ ಮೂರು ಅಕ್ಷದ ದಿಕ್ಸೂಚಿ, ಬ್ಯಾರೋಮೀಟರ್ ಎರಡೂ ಇವೆ. ಬೆಟ್ಟ ಹತ್ತುವವರು ಇದನ್ನೇ ನೋಡಬೇಕು. ದಟ್ಟ ಕಾಡು, ಕಣಿವೆ, ವಾರಗಟ್ಟಲೆ ನಡಿಗೆ ಎಂದಾದರೆ ಜಿಪಿಎಸ್‌ಮ್ಯಾಪ್ 67ರಂಥ ಮಲ್ಟಿ ಬ್ಯಾಂಡ್ ಉಪಕರಣ.

ಜಿಯೋಕ್ಯಾಶಿಂಗ್ ಹುಟ್ಟಿದ್ದೇ ನಿಖರತೆಯಿಂದ. ಅಮೆರಿಕ ನಾಗರಿಕ ಸಿಗ್ನಲ್‌ಗೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ 2ರಂದು ನಿಲ್ಲಿಸಿತು, ಮರುದಿನವೇ ಒರೆಗಾನ್‌ನಲ್ಲಿ ಮೊದಲ ಪೆಟ್ಟಿಗೆ ಬಚ್ಚಿಡಲಾಯಿತು. ಈ ಹವ್ಯಾಸಕ್ಕೆ ದಿಕ್ಸೂಚಿ, ಸುಳಿವಿನ ಪಠ್ಯ ಪೂರ್ತಿ ಓದಿಸುವ ವ್ಯವಸ್ಥೆ, ಸ್ಥಾನದ ಸರಾಸರಿ ತೆಗೆಯುವ ಸೌಲಭ್ಯ ಈ ಮೂರೂ ಬೇಕು.

ಕಯಾಕ್, ದೋಣಿಗೆ ಜಿಪಿಎಸ್‌ಮ್ಯಾಪ್ 79ರಂತೆ ನೀರಿನಲ್ಲಿ ತೇಲುವ ಮಾದರಿ ಇದೆ. ತೇಲದ್ದನ್ನು ಕೊಂಡರೆ ತೇಲುವ ದಾರ ಕಟ್ಟಿ. ಸೈಕಲ್‌ಗೆ ಗಟ್ಟಿ ಮೌಂಟ್ ಮುಖ್ಯ. ಎಎ ಸೆಲ್‌ನ ಉಪಕರಣ ಕುಲುಕಾಟದಲ್ಲಿ ಸ್ಪ್ರಿಂಗ್ ಸಂಪರ್ಕ ಬಿಟ್ಟು ಆಫ್ ಆಗುವುದುಂಟು. ಛಾಯಾಗ್ರಾಹಕರಿಗೆ ಟ್ರ್ಯಾಕ್ ದಾಖಲಿಸುವ ಅತಿ ಅಗ್ಗದ ಉಪಕರಣ ಸಾಕು. ಕ್ಯಾಮೆರಾದ ಗಡಿಯಾರವನ್ನು ಜಿಪಿಎಸ್‌ನ ಸಮಯಕ್ಕೆ ಸೆಕೆಂಡು ಸಮೇತ ಹೊಂದಿಸಿದರೆ ಚಿತ್ರಗಳಿಗೆ ಸ್ಥಳ ಆಮೇಲೆ ಸೇರಿಸಬಹುದು.

ಬಳಸಿದ್ದನ್ನು ಕೊಳ್ಳುವುದಾದರೆ

ಹೊರಗೆ ತಂದು ಆನ್ ಮಾಡಿಸಿ, ಉಪಗ್ರಹ ಪುಟದಲ್ಲಿ ಸಿಗ್ನಲ್ ಕಂಬಗಳು ಏಳುವುದನ್ನು ನೋಡಿ, ಆಮೇಲೆ ತಾರೀಖು ನೋಡಿ. ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 2019ರ ಏಪ್ರಿಲ್ 6ರಂದು ಹಾಗಾಯಿತು. ಸಾಫ್ಟ್‌ವೇರ್ ನವೀಕರಣ ಸಿಗದ ಹಳೆಯ ಉಪಕರಣ ಸುಮಾರು 20 ವರ್ಷ ಹಿಂದಿನ ತಾರೀಖು ತೋರಿಸುತ್ತದೆ. ಸ್ಥಾನ ಸರಿಯಾಗಿಯೇ ಬರಬಹುದು, ಟ್ರ್ಯಾಕ್‌ನ ಸಮಯ ಮಾತ್ರ ಕೆಲಸಕ್ಕೆ ಬಾರದು. ಬ್ಯಾಟರಿ ಗೂಡಿನಲ್ಲಿ ಹಸಿರು ಅಥವಾ ಬಿಳಿ ಪುಡಿ, ಗಾಜಿನ ಒಳಗೆ ಮಬ್ಬು, ಸುತ್ತಲಿನ ರಬ್ಬರ್ ಅಂಟಂಟಾಗಿ ಬಿಟ್ಟುಕೊಂಡಿರುವುದು, ಈ ಮೂರರಲ್ಲಿ ಯಾವುದು ಕಂಡರೂ ಬಿಟ್ಟುಬಿಡಿ.

ಹಂತ 8: ಮನೆಗೆ ತಂದ ಮೇಲೆ

ಹಿಂತಿರುಗಿಸುವ ಅವಧಿ ಮುಗಿಯುವ ಮೊದಲೇ ಈ ಪರೀಕ್ಷೆಗಳನ್ನು ಮುಗಿಸಿ.

ಮೊದಲ ಸಲ ತೆರೆದ ಜಾಗದಲ್ಲಿ 20 ನಿಮಿಷ ಕದಲಿಸದೆ ಇಡಿ. ಎಲ್ಲ ಉಪಗ್ರಹಗಳ ಸ್ಥೂಲ ವೇಳಾಪಟ್ಟಿ ಸಿಗ್ನಲ್‌ನಲ್ಲಿ ಬಂದು ಮುಗಿಯಲು 12.5 ನಿಮಿಷ ಬೇಕು. ಮರುದಿನ ಆನ್ ಮಾಡಿದಾಗ ಒಂದು ನಿಮಿಷದ ಒಳಗೆ ಸ್ಥಾನ ಸಿಗಬೇಕು.

ಮರ, ಗೋಡೆ, ಬಯಲು ಮೂರೂ ಇರುವ ಒಂದು ಸುತ್ತನ್ನು ಆರಿಸಿಕೊಂಡು, ಉಪಕರಣವನ್ನು ನೀವು ನಿಜಕ್ಕೂ ಇಟ್ಟುಕೊಳ್ಳುವ ಜಾಗದಲ್ಲೇ ಸಿಕ್ಕಿಸಿ, ಎರಡು ಸಲ ಅದೇ ಹೆಜ್ಜೆಯಲ್ಲಿ ನಡೆಯಿರಿ. ಎರಡೂ ಟ್ರ್ಯಾಕನ್ನು ಕಂಪ್ಯೂಟರ್‌ನಲ್ಲಿ ಒಂದರ ಮೇಲೊಂದು ಇಟ್ಟು ನೋಡಿ. ಬಯಲಿನಲ್ಲಿ 5 ಮೀಟರ್ ಒಳಗೆ ಕೂಡಿರಬೇಕು, ಮರದಡಿ 10 ಮೀಟರ್ ಅತ್ತಿತ್ತ ಆದರೂ ಒಪ್ಪಬಹುದು. ಬಯಲಿನಲ್ಲೇ 20 ಮೀಟರ್ ಬೇರೆಯಾದರೆ ಇಟ್ಟ ಜಾಗ ಬದಲಿಸಿ ಮತ್ತೆ ನಡೆಯಿರಿ. ಆಗಲೂ ಹಾಗೇ ಆದರೆ ಹಿಂತಿರುಗಿಸಿ.

ಟ್ರ್ಯಾಕ್ ದಾಖಲಾಗುತ್ತಿರುವಾಗಲೇ ಬ್ಯಾಟರಿ ಕಿತ್ತು, ಮತ್ತೆ ಹಾಕಿ, ದಾಖಲೆ ಉಳಿದಿದೆಯೇ ನೋಡಿ. ಬ್ಯಾಟರಿ ತುಂಬಿಸಿ, ನಿಮ್ಮ ಸೆಟ್ಟಿಂಗ್‌ನಲ್ಲಿ, ಆಫ್ ಆಗುವವರೆಗೂ ಓಡಿಸಿ ಗಂಟೆ ಬರೆದಿಡಿ.

ಇನ್ನು ಸೆಟ್ಟಿಂಗ್. ಡೇಟಮ್ (ಅಕ್ಷಾಂಶ ರೇಖಾಂಶದ ಅಂಕಿಗಳಿಗೆ ಆಧಾರವಾದ ಭೂಮಿಯ ಮಾದರಿ) ಡಬ್ಲ್ಯುಜಿಎಸ್ 84 ಇರಲಿ. ಹಳೆಯ ಕಾಗದದ ನಕ್ಷೆ ಬಳಸುವಾಗ ಮಾತ್ರ ಅದರ ಅಂಚಿನಲ್ಲಿ ಬರೆದಿರುವ ಡೇಟಮ್‌ಗೆ ಬದಲಿಸಿ, ಇಲ್ಲದಿದ್ದರೆ ನೂರಾರು ಮೀಟರ್ ಜರುಗುತ್ತದೆ. ಅಕ್ಷಾಂಶ ರೇಖಾಂಶ ಬರೆಯುವ ರೀತಿಯನ್ನು ನಿಮ್ಮ ಗುಂಪಿನವರೆಲ್ಲ ಒಂದೇ ಇಟ್ಟುಕೊಳ್ಳಿ. ಒಬ್ಬರು ‘20 ಡಿಗ್ರಿ 30.500 ನಿಮಿಷ’ ಎಂದು ಹೇಳಿದ್ದನ್ನು ಇನ್ನೊಬ್ಬರು ದಶಮಾಂಶ ಡಿಗ್ರಿಯ ಚೌಕದಲ್ಲಿ 20.30500 ಎಂದು ತುಂಬಿದರೆ, ಸರಿಯಾದ ಅಂಕಿ 20.50833 ಆಗಿರುವುದರಿಂದ, ಗುರಿ ಸುಮಾರು 22 ಕಿಲೋಮೀಟರ್ ದಕ್ಷಿಣಕ್ಕೆ ಹೋಗುತ್ತದೆ. ಉಪಕರಣ ಏನೂ ತಪ್ಪಾಗಿದೆ ಎನ್ನುವುದಿಲ್ಲ. ಅಂಕಿ ತುಂಬಿದ ಮೇಲೆ ನಕ್ಷೆಯಲ್ಲಿ ಚುಕ್ಕಿ ಎಲ್ಲಿ ಬಿತ್ತು, ಎಷ್ಟು ದೂರ ತೋರಿಸುತ್ತಿದೆ ಎಂಬುದನ್ನು ಪ್ರತಿ ಸಲವೂ ನೋಡಿ. ದಶಮಾಂಶ ಡಿಗ್ರಿಯಲ್ಲಿ 5 ಅಂಕಿ ಅಂದರೆ ಸುಮಾರು 1 ಮೀಟರ್. 4 ಅಂಕಿಗೆ ನಿಲ್ಲಿಸಿದರೆ 11 ಮೀಟರ್.

ಕಾಡಿನಲ್ಲಿ ನಡೆಯುವವರು ‘ರಸ್ತೆಗೆ ಅಂಟಿಸು’ ಎಂಬ ಆಯ್ಕೆಯನ್ನು ಆಫ್ ಮಾಡಿ, ರೂಟಿಂಗ್ ಅನ್ನು ನೇರ ಗೆರೆಗೆ ಇಡಿ. ಇಲ್ಲದಿದ್ದರೆ ನೀವು ಹಾಕಿಕೊಂಡ ರೂಟನ್ನು (ಮೊದಲೇ ಯೋಜಿಸಿದ ದಾರಿಯನ್ನು) ಉಪಕರಣ ತಾನೇ ಮರುಲೆಕ್ಕ ಮಾಡಿ ಡಾಂಬರು ರಸ್ತೆಯತ್ತ ಎಳೆಯುತ್ತದೆ. ಬೇರೆಯವರ ದಾರಿಯನ್ನು ಹಿಂಬಾಲಿಸಲು ರೂಟ್‌ಗಿಂತ ಜಿಪಿಎಕ್ಸ್ (ಜಿಪಿಎಸ್ ದಾಖಲೆಗಳನ್ನು ಹಂಚಿಕೊಳ್ಳುವ ಫೈಲ್ ಬಗೆ) ಟ್ರ್ಯಾಕ್ ಒಳ್ಳೆಯದು, ಅದು ಮರುಲೆಕ್ಕಕ್ಕೆ ಸಿಗುವುದಿಲ್ಲ.

ಟ್ರ್ಯಾಕ್ ಬಿಂದುಗಳ ಮಿತಿ 10,000 ಇದ್ದು ಸೆಕೆಂಡಿಗೊಂದರಂತೆ ದಾಖಲಿಸಿದರೆ 2 ಗಂಟೆ 46 ನಿಮಿಷದಲ್ಲಿ ತುಂಬುತ್ತದೆ. ತುಂಬಿದ ಮೇಲೆ ಹಳೆಯದನ್ನು ಅಳಿಸುವ ಆಯ್ಕೆ ಇದ್ದರೆ ಬೆಳಗಿನ ದಾರಿ ಮಧ್ಯಾಹ್ನಕ್ಕೆ ಮಾಯ. 5 ಸೆಕೆಂಡಿಗೊಂದು ಇಟ್ಟರೆ ಸುಮಾರು 14 ಗಂಟೆ ಬರುತ್ತದೆ, ನಡಿಗೆಗೆ ಅದು ಸಾಕು. ದಿನಕ್ಕೊಂದು ಫೈಲ್ ತಾನಾಗಿ ಉಳಿಸುವ ಆಯ್ಕೆ ಇದ್ದರೆ ಆನ್ ಮಾಡಿ. ಊಟಕ್ಕೆ ನಿಂತಾಗ ದಾಖಲೆ ನಿಲ್ಲಿಸಿ. ಇಲ್ಲದಿದ್ದರೆ ಕೂತಲ್ಲೇ ಚುಕ್ಕಿ ಅಲೆದಾಡಿ ದೂರದ ಲೆಕ್ಕ ಉಬ್ಬುತ್ತದೆ.

ಮುಖ್ಯವಾದ ಒಂದು ಸ್ಥಳವನ್ನು (ನೀರಿನ ಸೆಲೆ, ಬಚ್ಚಿಟ್ಟ ಪೆಟ್ಟಿಗೆ) ಗುರುತಿಸುವಾಗ ಸರಾಸರಿ ತೆಗೆಯಿರಿ: ಕನಿಷ್ಠ 90 ನಿಮಿಷದ ಅಂತರದಲ್ಲಿ 4 ಸಲವಾದರೂ. ಅಲ್ಲೇ ನಿಂತು ಒಂದರ ಹಿಂದೊಂದು ಅಳೆದರೆ ಉಪಗ್ರಹಗಳ ಜೋಡಣೆ ಬದಲಾಗಿರುವುದಿಲ್ಲ, ಅದೇ ತಪ್ಪು ಮತ್ತೆ ಮತ್ತೆ ದಾಖಲಾಗುತ್ತದೆ.

ಬಳಸದ ತಿಂಗಳುಗಳಲ್ಲಿ ಎಎ ಸೆಲ್ ಹೊರತೆಗೆದಿಡಿ, ಒಳಗಿನ ಬ್ಯಾಟರಿಯಾದರೆ ಅರ್ಧದಷ್ಟು ಚಾರ್ಜ್‌ನಲ್ಲಿ ಬಿಡಿ, ಜಿಪಿಎಕ್ಸ್ ಫೋಲ್ಡರ್ ಪೂರ್ತಿಯಾಗಿ ಕಂಪ್ಯೂಟರ್‌ಗೆ ನಕಲು ಮಾಡಿಕೊಳ್ಳಿ. ಫರ್ಮ್‌ವೇರ್ ನವೀಕರಣವನ್ನು ಆ ನಕಲು ಆದ ಮೇಲೆ, ಬ್ಯಾಟರಿ ತುಂಬಿಸಿಕೊಂಡು ಮಾಡಿ; ಹೊರಡುವ ಹಿಂದಿನ ರಾತ್ರಿ ಮಾತ್ರ ಬೇಡ.